ಲಾಂಛನ ಸಮಿತಿಗಳಿಗೆ ಗೋಣಿಚೀಲಗಳ ಅರಿಕೆ

ವಿಶ್ವವಿದ್ಯಾಲಯಗಳ ಲಾಂಛನ ಆಯ್ಕೆ ಸಮಿತಿಗಳ ಮಾನ್ಯ ಸದಸ್ಯರ ಸನ್ನಿಧಾನಕ್ಕೆ, ಬೆಂಗಳೂರಿನ ತರಗುಪೇಟೆಯ ಮಂಡಿಗಳಲ್ಲಿ ಬೆನ್ನ ಮೇಲೆ ಮುದ್ರೆ ಹೊತ್ತು ಸವೆದ ಗೋಣಿಚೀಲಗಳು ಸಲ್ಲಿಸುವ ಬಹಿರಂಗ ಪತ್ರ.

ದವಸಧಾನ್ಯದ ಸಗಟು ವ್ಯಾಪಾರಕ್ಕೆ ಹೆಸರಾದ ಈ ಪೇಟೆಯಲ್ಲಿ ‘ಮಾರ್ಕಾ’ ಎಂದರೆ, ಸರಕು ಯಾರದೆಂಬುದನ್ನು ಓದು ಬಾರದ ಹಮಾಲಿಯೂ ದೂರದಿಂದಲೇ ಗುರುತಿಸಲೆಂದು ಚೀಲಕ್ಕೆ ಒತ್ತುವ ಚಿತ್ರವಾದ್ದರಿಂದ, ಅಲ್ಲಿ ಆನೆಯಿದ್ದರೆ ಆನೆಯೊಂದೇ, ನವಿಲಿದ್ದರೆ ನವಿಲೊಂದೇ ಇರುತ್ತದೆ. ವಿದ್ವತ್ತು ಹೆಚ್ಚಿದಂತೆ ಈ ಮಿತವ್ಯಯ ಕರಗಿ, ಒಂದು ರೂಪಾಯಿಯ ಅಗಲದ ವೃತ್ತದೊಳಗೆ ತೆರೆದ ಪುಸ್ತಕ, ಅದರ ಮೇಲೆ ಹಣತೆ, ಹಿಂದೆ ಸೂರ್ಯ, ಕೆಳಗೆ ತಾವರೆ, ಎಂಜಿನಿಯರಿಂಗ್ ವಿಭಾಗ ಮುನಿಯದಿರಲೆಂದು ಹಲ್ಲುಚಕ್ರ, ಭೌತವಿಜ್ಞಾನದವರ ಸಮಾಧಾನಕ್ಕೆ ಪರಮಾಣು ಎಲ್ಲವೂ ನೆಲೆಸುತ್ತವೆ. ಸೂರ್ಯ ಮೂಡಿದ ಮೇಲೂ ಉರಿಯುವ ಹಣತೆಯ ಎಣ್ಣೆಯ ಖರ್ಚು ಯಾವ ಲೆಕ್ಕಶೀರ್ಷಿಕೆಗೆ ಸೇರುತ್ತದೆಂಬುದಷ್ಟೇ ಅಸ್ಪಷ್ಟ.

1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯವು ಒಡೆಯರ ರಾಜಲಾಂಛನವಾಗಿದ್ದ ಗಂಡಭೇರುಂಡವನ್ನು, ಅಂದರೆ ಎರಡು ತಲೆಯ ಪೌರಾಣಿಕ ಪಕ್ಷಿಯನ್ನು, ತನ್ನ ಮುದ್ರೆಗೆ ತಂದುಕೊಂಡಿತು. ಬೆಂಗಳೂರಿನಲ್ಲಿ 1858ರಿಂದ ಬೆಳೆದುಬಂದ ಸೆಂಟ್ರಲ್ ಕಾಲೇಜಾದರೋ ಮೊದಲು ಮದರಾಸಿನ, 1916ರಿಂದ ಮೈಸೂರಿನ, 1964ರಿಂದ ಬೆಂಗಳೂರು ವಿಶ್ವವಿದ್ಯಾಲಯದ ಮುದ್ರೆಗಳನ್ನು ಕಂಡು, 2017ರ ವಿಭಜನೆಯಲ್ಲಿ, ಮುಂದೆ ಬೆಂಗಳೂರು ನಗರ ವಿಶ್ವವಿದ್ಯಾಲಯವೆನಿಸಿದ ಸಂಸ್ಥೆಯ ನೆಲೆಯಾಯಿತು. ಆ ವಿಶ್ವವಿದ್ಯಾಲಯಕ್ಕೆ ಮನಮೋಹನ್ ಸಿಂಗ್ ಅವರ ಹೆಸರಿಡುವ ಘೋಷಣೆ 2025ರ ರಾಜ್ಯ ಬಜೆಟ್‌ನಲ್ಲಿ ಬಂದಾಗ ಮುದ್ರೆಯ ಅಕ್ಷರಗಳಿಗೂ ನೆಮ್ಮದಿ ಉಳಿಯಲಿಲ್ಲ. ಮಂಡಿಯ ಅನುಭವದಂತೆ, ಒಂದೇ ಕಾಳನ್ನು ಚೀಲದಿಂದ ಚೀಲಕ್ಕೆ ನಾಲ್ಕು ಸಲ ಸುರಿದರೂ ತೂಕ ಹೆಚ್ಚುವುದಿಲ್ಲ, ನೆಲಕ್ಕೆ ಚೆಲ್ಲಿದಷ್ಟು ಕಡಿಮೆಯಾಗುತ್ತದೆ.

ದೂರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 2012ರಲ್ಲಿ ಹೊರತಂದ ಹೊಸ ಲಾಂಛನವನ್ನು, ವಿದ್ಯಾರ್ಥಿಗಳೂ ಹಳೆಯ ವಿದ್ಯಾರ್ಥಿಗಳೂ ಗೇಲಿಮಾಡಿ ಪ್ರತಿಭಟಿಸಿದಾಗ, ಅದೇ ವರ್ಷದ ಡಿಸೆಂಬರಿನಲ್ಲಿ ಹಿಂತೆಗೆದುಕೊಂಡಿತು. ಇಲ್ಲಿನ ಸಮಿತಿಗಳಿಗೆ ಅಂಥ ಭಯವಿಲ್ಲ; ಫಲಿತಾಂಶಕ್ಕೂ ಅಂಕಪಟ್ಟಿಗೂ ಕಾಯುತ್ತಿರುವವರಿಗೆ ಅದರ ಮೂಲೆಯ ಚಿತ್ರವನ್ನು ವಿಮರ್ಶಿಸುವ ಬಿಡುವು ಎಲ್ಲಿಯದು?

ಮಾರ್ಕಾ ಕಂಡು ಅಂಗಡಿಯ ಮುಂದೆ ನಿಂತ ಗಿರಾಕಿಯೂ ಚೀಲಕ್ಕೆ ಮೊನಚಾದ ಕೊಳವೆ ಚುಚ್ಚಿ, ಅಂಗೈಗೆ ಬಿದ್ದ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿದ ಮೇಲಷ್ಟೇ ದರ ಹೇಳುತ್ತಾನೆ. ವೃತ್ತದಲ್ಲಿ ಇನ್ನೂ ಜಾಗವಿದ್ದರೆ ಆ ಕೊಳವೆಯನ್ನೂ ಸೇರಿಸಬೇಕೆಂದೂ, ಅದರ ಮೊನೆ ಯಾವ ಕಡೆಗಿರಬೇಕೆಂಬ ಸೂಕ್ಷ್ಮ ಪ್ರಶ್ನೆಗೆ ಉಪಸಮಿತಿಯೊಂದನ್ನು ನೇಮಿಸಬೇಕೆಂದೂ ಪ್ರಾರ್ಥನೆ.

ಇಂತಿ ವಿಧೇಯ,
ತರಗುಪೇಟೆಯ ಗೋಣಿಚೀಲಗಳು