‘ಏನೂ ಇಲ್ಲ’ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ‘ಏನೂ ಇಲ್ಲ’ ಅವರೇ,

ಉಭಯ ಕುಶಲೋಪರಿ ಸಾಂಪ್ರತ. ಇತ್ತ ನಾನೂ ನನ್ನ ಎಡ ಎದೆಯ ಗಂಟೂ ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸುವ ಅಗತ್ಯವಿಲ್ಲ. ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ನಿಮ್ಮ ಹೆಸರು ಕೇಳುತ್ತದೆ. ‘ಏನು ಅಡುಗೆ?’ ‘ಏನೂ ಇಲ್ಲ, ಬರೀ ತಿಳಿಸಾರು.’ ‘ಯಾಕೆ ಮುಖ ಸಪ್ಪಗಿದೆ?’ ‘ಏನೂ ಇಲ್ಲ.’ ಆದರೂ ಹೋದ ವರ್ಷ ಆಸ್ಪತ್ರೆಯಲ್ಲಿ ನಿಮ್ಮ ಹೆಸರು ಕಿವಿಗೆ ಬಿದ್ದಾಗ ಆದಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.

‘ಏನೂ ಇಲ್ಲಮ್ಮ, ಕ್ಯಾನ್ಸರ್ ಅಲ್ಲ. ಆರು ತಿಂಗಳು ಬಿಟ್ಟು ಒಂದ್ಸಲ ಬನ್ನಿ’ ಅಂದರು ಡಾಕ್ಟರು. ಅಷ್ಟಕ್ಕೇ ಮುಗಿಸಿದ್ದರಲ್ಲಿ ಅವರದೇನೂ ತಪ್ಪಿಲ್ಲ, ಹೊರಗೆ ಬೆಂಚಿನ ಮೇಲೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು. ಒಂಬತ್ತು ದಿನದಿಂದ ಗಂಟಲಲ್ಲಿ ಇಳಿಯದಿದ್ದ ಅನ್ನ ಅವತ್ತು ಇಳಿಯಿತು. ಯಜಮಾನರು ಧಾರವಾಡ ಪೇಡ ತಂದರು. ಅತ್ತೆ ಧರ್ಮಸ್ಥಳಕ್ಕೆಂದು ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟ ಮುಡಿಪನ್ನು ದೇವರ ಮುಂದೆ ಇಟ್ಟು ಕೈ ಮುಗಿದರು. ಆಸ್ಪತ್ರೆಯ ಫೈಲು ಬೀರುವಿನೊಳಗೆ, ರೇಷ್ಮೆ ಸೀರೆಗಳ ಕೆಳಗೆ, ನುಸಿಗುಳಿಗೆಗಳ ಜೊತೆ ಮಲಗಿತು.

ಮೂರು ತಿಂಗಳ ಮೇಲೆ ಯಾರದೋ ಮದುವೆಗೆ ಸೀರೆ ಎಳೆಯುವಾಗ ಆ ಫೈಲು ಕಾಲ ಮೇಲೆ ಬಿತ್ತು. ಆಗಲೇ ನಾನು ಅದನ್ನು ಮೊದಲ ಬಾರಿ ಓದಿದ್ದು. ಮಾನ್ಯರೇ, ನೀವು ಒಬ್ಬರೇ ಅಂದುಕೊಂಡಿದ್ದೆ. ನೀವು ಮೂರು ಮನೆಯ ಸಂಸಾರಿ ಎಂದು ಗೊತ್ತಾಗಿದ್ದು ಅವತ್ತು.

ಸೂಜಿಯಲ್ಲಿ ತೆಗೆದ ಚೂರನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡುವವರಿಗೆ ನಿಮ್ಮ ಈ ಸಂಸಾರ ಹಳೆಯ ಸಂಗತಿ. ಮೊದಲ ಮನೆಯಲ್ಲಿ ನೀರುಗುಳ್ಳೆ, ಸಾದಾ ಫೈಬ್ರೊಅಡಿನೋಮಾ ಮುಂತಾದ ಸಾಧುಪ್ರಾಣಿಗಳು. ಬೆರಳಿಟ್ಟರೆ ಜಾರಿ ಓಡುತ್ತದೆಂದು ಫೈಬ್ರೊಅಡಿನೋಮಾಗೆ ಇಂಗ್ಲಿಷ್ ಡಾಕ್ಟರುಗಳು ‘ಎದೆಯ ಇಲಿ’ ಎಂದೇ ಅಡ್ಡಹೆಸರಿಟ್ಟಿದ್ದಾರೆ. ಎರಡನೆಯ ಮನೆಯಲ್ಲಿ ಹಾಲಿನ ನಾಳದೊಳಗಿನ ಜೀವಕೋಶಗಳು ಬೇಕಾದ್ದಕ್ಕಿಂತ ಹೆಚ್ಚು ಬೆಳೆದಿರುತ್ತವೆ, ರೂಪ ಮಾತ್ರ ಕೆಟ್ಟಿರುವುದಿಲ್ಲ. ಮೂರನೆಯ ಮನೆಯಲ್ಲಿ ಬೆಳೆಯುವುದೂ ಹೆಚ್ಚು, ರೂಪವೂ ಕೆಟ್ಟಿರುತ್ತದೆ. ರಿಪೋರ್ಟಿನಲ್ಲಿ ಅದಕ್ಕೆ ‘ಅಟಿಪಿಯಾ’ ಎಂದು ಬರೆದಿರುತ್ತಾರೆ. ಅದೂ ಕ್ಯಾನ್ಸರ್ ಅಲ್ಲ. ಆದ್ದರಿಂದ ಆ ಮನೆಯವಳಿಗೂ ಸಿಗುವುದು ‘ಏನೂ ಇಲ್ಲ’ವೇ.

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಡುಪಾಂಟ್, ಪೇಜ್ ಎಂಬಿಬ್ಬರು ಹತ್ತು ಸಾವಿರಕ್ಕೂ ಹೆಚ್ಚು ಹಳೆಯ ಬಯಾಪ್ಸಿಗಳನ್ನು ತಿರುಗಿ ನೋಡಿ ನಿಮ್ಮ ಮನೆಗಳ ಲೆಕ್ಕವನ್ನು 1985ರಲ್ಲೇ ಬಯಲು ಮಾಡಿದ್ದರು. 2005ರಲ್ಲಿ ಮೇಯೊ ಕ್ಲಿನಿಕ್ಕಿನವರು 9,087 ಹೆಂಗಸರ ವಿವರ ಪ್ರಕಟಿಸಿದರು. ಸಾಮಾನ್ಯರಿಗೆ ಹೋಲಿಸಿದರೆ ಮುಂದೆ ಎದೆಯ ಕ್ಯಾನ್ಸರ್ ಬರುವ ಸಾಧ್ಯತೆ ಮೊದಲ ಮನೆಯವರಿಗೆ 1.27 ಪಟ್ಟು, ಎರಡನೆಯವರಿಗೆ 1.88, ಮೂರನೆಯವರಿಗೆ 4.24. ಗಂಟನ್ನು ತೆಗೆಸಿ ಹಾಕಿದರೂ ಈ ಲೆಕ್ಕ ಅದರ ಜೊತೆ ಹೋಗುವುದಿಲ್ಲ. ಆಚೆಯ ಎದೆಗೂ ಸೇರಿಯೇ ಇರುತ್ತದೆ.

ನನ್ನದು ಎರಡನೆಯ ಮನೆ. ರಾತ್ರಿಯಿಡೀ ‘ಎರಡು ಪಟ್ಟು, ಎರಡು ಪಟ್ಟು’ ಎಂದು ಜಪಿಸಿದೆ. ಬೆಳಿಗ್ಗೆ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನಾದಿನಿ ಕಾಫಿ ಲೋಟ ಹಿಡಿದು ಹೇಳಿದಳು: ‘ಯಾವುದರ ಎರಡು ಪಟ್ಟು ಅಂತ ಮೊದಲು ಕೇಳಬೇಕು ಅತ್ತಿಗೆ. ಒಂದು ಸಾಸಿವೆ ಎರಡಾದರೆ ಒಗ್ಗರಣೆ ಸೀದುಹೋಗತ್ತಾ?’ ಅಟಿಪಿಯಾ ಇರುವ ನೂರು ಹೆಂಗಸರಲ್ಲಿ ಕೂಡ 25 ವರ್ಷದೊಳಗೆ ಕ್ಯಾನ್ಸರ್ ಬಂದದ್ದು ಸುಮಾರು 30 ಜನಕ್ಕೆ. ಉಳಿದ ಎಪ್ಪತ್ತು ಜನ ಇದೇ ಅವಧಿಯಲ್ಲಿ ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದಿರಬೇಕು.

ಹಾಗಾದರೆ ಹೇಳದೇ ಇದ್ದರೇ ಒಳ್ಳೆಯದಲ್ಲವೇ ಎಂದು ನೀವು ಮೀಸೆಯಡಿ ನಗಬೇಡಿ. ಅಟಿಪಿಯಾದವರಿಗೆ ಟ್ಯಾಮಾಕ್ಸಿಫೆನ್ ಎಂಬ ಮಾತ್ರೆಯ ದಾರಿಯಿದೆ. 1998ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಅಂಥವರ ಕ್ಯಾನ್ಸರ್ ಶೇ 86ರಷ್ಟು ತಗ್ಗಿತ್ತು. ರಕ್ತ ಹೆಪ್ಪುಗಟ್ಟುವುದು, ಗರ್ಭಕೋಶದ ಕ್ಯಾನ್ಸರ್ ಎಂಬ ಅಡ್ಡಪರಿಣಾಮಗಳೂ ಆ ಮಾತ್ರೆಗಿವೆ, ನಿಜ. ನುಂಗುವುದೋ ಬಿಡುವುದೋ ಎಂದು ಅವಳು ಡಾಕ್ಟರ ಎದುರು ಕೂತು ಯೋಚಿಸಬೇಕು. ತಾನು ಮೂರನೆಯ ಮನೆಯವಳು ಎಂದೇ ಗೊತ್ತಿಲ್ಲದವಳು ಏನನ್ನು ಯೋಚಿಸುತ್ತಾಳೆ?

ಇನ್ನು ನಿಮ್ಮ ಮೇಲಿನ ನನ್ನ ಮುಖ್ಯ ದೂರು. ಮೇಯೊದವರ ಲೆಕ್ಕದಲ್ಲಿ ಮೊದಲ ಮನೆಯಲ್ಲಿದ್ದು, ವಂಶದಲ್ಲಿ ಯಾರಿಗೂ ಎದೆಯ ಕ್ಯಾನ್ಸರ್ ಇಲ್ಲದವಳಿಗೆ ಹೆಚ್ಚಿನ ಅಪಾಯ ಕಾಣಲೇ ಇಲ್ಲ. ಅಪ್ಪಟ ‘ಏನೂ ಇಲ್ಲ’ ಅಂದರೆ ಅದು. ಆದರೆ ವಂಶದಲ್ಲಿ ಇಲ್ಲ ಎಂದು ಹೇಳಬೇಕಾದವರು ಯಾರು? ನನ್ನ ಫಾರಂ ತುಂಬುವಾಗ ನರ್ಸಮ್ಮ ಕೇಳಿದ್ದರು, ‘ಮನೇಲಿ ಯಾರಿಗಾದ್ರೂ?’ ಪಕ್ಕದಲ್ಲಿದ್ದ ಅಮ್ಮ ನಿಮ್ಮನ್ನೇ ಮುಂದೆ ಮಾಡಿದಳು: ‘ಏನೂ ಇಲ್ಲ.’

ಫೈಲು ಓದಿದ ಮೇಲೆ ಊರಿಗೆ ಹೋದೆ. ಮಾಗಿಯ ಚಳಿ, ಅಮ್ಮ ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಮೊರದ ಮುಂದೆ ಕೂತೆ. ‘ದೊಡ್ಡಮ್ಮ ಹೋಗಿದ್ದು ಏನಾಗಿ?’

‘ಗರ್ಭಕೋಶದ ತೊಂದರೆ ಅಂತಿದ್ರು.’

‘ಅಂತಿದ್ರು, ಸರಿ. ಏನಾಗಿತ್ತು?’

ಹುಳುಕು ಕಾಯೊಂದನ್ನು ಬೆರಳಲ್ಲಿ ತಿರುಗಿಸಿ ನೋಡಿ ಪಕ್ಕಕ್ಕೆಸೆದಳು. ಆಮೇಲೆ, ಅಡುಗೆಮನೆಯಲ್ಲಿ ಅಪ್ಪ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಸೆರಗನ್ನು ಎಡಗಡೆ ಒಂದಿಷ್ಟು ಒತ್ತಿ ತೋರಿಸಿದಳು. ಬಾಯಲ್ಲಿ ಹೇಳಲಿಲ್ಲ. ಗಂಡಸರ ಎದುರು ಆ ಅಂಗದ ಹೆಸರೆತ್ತಲು ಆಗದೆ ದೊಡ್ಡಮ್ಮ ಒಂದು ವರ್ಷ ಕುಪ್ಪಸದೊಳಗೆ ಬಟ್ಟೆ ಮಡಿಸಿಟ್ಟುಕೊಂಡು ಓಡಾಡಿದ್ದಳಂತೆ. ಕೇಳಿದವರಿಗೆಲ್ಲ ಏನು ಹೇಳುತ್ತಿದ್ದಳು ಎಂದು ನಿಮಗೆ ನಾನು ಹೇಳಬೇಕೆ?

ತಂದೆಯ ಕಡೆಯವರೂ ಈ ಲೆಕ್ಕಕ್ಕೆ ಬರುತ್ತಾರೆಂದು ತಿಳಿದು ಸೋದರತ್ತೆಗೂ ಫೋನ್ ಮಾಡಿದೆ. ಅಲ್ಲಿ ಮಾತ್ರ ನೀವು ಸತ್ಯವಂತರೇ ಆಗಿದ್ದಿರಿ ಅನ್ನಿಸಿತು, ಅಭಿನಂದನೆಗಳು.

ಹೋದ ವಾರ ಆರು ತಿಂಗಳ ಸ್ಕ್ಯಾನಿಂಗಿಗೆ ಹೋಗಿದ್ದೆ. ಅದೇ ಫಾರಂ. ಮನೆಯವರಲ್ಲಿ ಯಾರಿಗಾದರೂ ಎಂಬಲ್ಲಿ ಕಳೆದ ಸಲ ಕೂತಿದ್ದವರು ನೀವು. ಈ ಸಲ ನಿಮ್ಮನ್ನು ಎಬ್ಬಿಸಿ ಬರೆದೆ: ‘ದೊಡ್ಡಮ್ಮ, ತಾಯಿಯ ಅಕ್ಕ, ಸುಮಾರು 45ನೇ ವಯಸ್ಸು.’

ಇಂತಿ ನಿಮ್ಮ ಹಳೆಯ ಪರಿಚಯದ,
ಎರಡನೆಯ ಮನೆಯವಳು

ತಾ.ಕ.: ಅಡುಗೆಮನೆಗೆ ಎಂದಿನಂತೆ ಬರುತ್ತಿರಿ. ಇವತ್ತೂ ಬರೀ ತಿಳಿಸಾರೇ.