ನೋಟೀಸಣ್ಣ

ಅವನ ಅಂಗಿಯ ಎಡಜೇಬಿನಲ್ಲಿ ಯಾವಾಗಲೂ ಒಂದು ಮುಷ್ಕರದ ನೋಟೀಸು ಇರುತ್ತದೆ. ನಾಲ್ಕು ಮಡಿಕೆಯ ಕಾಗದ, ಮಡಿಕೆ ಸವೆದ ಕಡೆ ಸೆಲ್ಲೋಟೇಪು, ಮೂಲೆಯಲ್ಲಿ ಸ್ಟಾಂಪ್ ಪ್ಯಾಡಿನ ನೇರಳೆ ಹೆಬ್ಬೆಟ್ಟು. ತಾರೀಕಿನ ಜಾಗದಲ್ಲಿ ಇಂಕಿನಲ್ಲಿ ಒಂದು ದಿನಾಂಕ, ಅದನ್ನು ಹೊಡೆದು ಇನ್ನೊಂದು, ಅದನ್ನೂ ಹೊಡೆದು ಪೆನ್ಸಿಲಿನಲ್ಲಿ ಮೂರನೆಯದು. ಪೆನ್ಸಿಲ್ ಯಾಕಯ್ಯ ಅಂದರೆ "ಅನುಭವ ಸಾರ್" ಅನ್ನುತ್ತಾನೆ.

ನಾನು ಅಂಚೆ ಕಚೇರಿಯ ಕೌಂಟರಿನ ಒಳಗೆ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವನು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕು ಕಡೆಗೂ ಟ್ರಂಕು ಹೊತ್ತು ವರ್ಗವಾಗಿದ್ದೇನೆ. ಹೋದಲ್ಲೆಲ್ಲ ಇವನು ನನಗಿಂತ ಮುಂಚೆಯೇ ಅಲ್ಲಿದ್ದ. ಹೆಸರು ಬೇರೆ, ಸೈಕಲ್ಲು ಬೇರೆ, ಜೇಬು ಮಾತ್ರ ಅದೇ. ಆದ್ದರಿಂದ ಇವನು ಇಂಥವನೇ ಎಂದು ಹುಡುಕಲು ಹೋಗಬೇಡಿ, ನಿಮ್ಮೂರ ಬ್ರಾಂಚ್ ಆಫೀಸಿನಲ್ಲೂ ಸಿಗುತ್ತಾನೆ. ನಾವು ಕೌಂಟರಿನವರು ಅವನಿಗೆ ಇಟ್ಟ ಹೆಸರು ನೋಟೀಸಣ್ಣ.

ಸರ್ಕಾರ ಇಟ್ಟ ಹೆಸರು ಗ್ರಾಮೀಣ ಡಾಕ್ ಸೇವಕ. ಅದಕ್ಕೂ ಮುಂಚೆ ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್ ಏಜೆಂಟ್, ಬಾಯಲ್ಲಿ ‘ಇಡಿ’. ಹೆಸರು ಇಡಿ, ಕೆಲಸ ಅರ್ಧ, ಕಾಸು ಬಿಡಿಬಿಡಿ. ಇವತ್ತಿಗೂ ಟೀವಿಯಲ್ಲಿ ಇಡಿ ದಾಳಿ ಅಂದಾಗ ಅವನ ತಾಯಿ, "ಪಾಪ, ನಮ್ಮ ಹುಡುಗರು ಯಾರ ಮನೆಗಪ್ಪ ನುಗ್ಗಿದ್ದು" ಎಂದು ಗಾಬರಿಯಾಗುತ್ತಾಳಂತೆ.

ಅವನ ಕೆಲಸ ದಿನಕ್ಕೆ 4 ಗಂಟೆ ಅಥವಾ 5 ಗಂಟೆ ಎಂದು ಲೆಕ್ಕ. ಊರಿನ ಲೆಕ್ಕವೇ ಬೇರೆ. ರಾತ್ರಿ ಒಂಬತ್ತಕ್ಕೆ ಬಾಗಿಲು ತಟ್ಟಿ ಪಾಸ್‌ಬುಕ್ಕು ಚಾಚುವವರಿಗೆ ಆ ಗಂಟೆ ಈ ಗಂಟೆ ಅಂತಿಲ್ಲ. ಬರುವ ಹಣವನ್ನು ಸಂಬಳ ಅನ್ನಕೂಡದು, ಅದಕ್ಕೆ ಟಿಆರ್‌ಸಿಎ ಎಂಬ ಭತ್ಯೆಯ ಹೆಸರಿದೆ. ಈ ಕೆಲಸಕ್ಕೆ ಸೇರಲು ಹತ್ತನೇ ತರಗತಿ ಪಾಸಾಗಿರಬೇಕು, ಸೈಕಲ್ ತುಳಿಯಲು ಬರಬೇಕು, ಪೋಸ್ಟ್‌ಮಾಸ್ಟರಾದರೆ ಆಫೀಸಿಗೆ ಜಾಗವನ್ನೂ ತಾನೇ ಹೊಂದಿಸಬೇಕು. ಎಲ್ಲಕ್ಕಿಂತ ದೊಡ್ಡದು, ಬದುಕಲು ಬೇರೆ ವರಮಾನ ಇರಬೇಕು. ಈ ನಿಯಮವನ್ನು ಅವನು ಯಾರಿಗಾದರೂ ಓದಿ ಹೇಳುವಾಗ ದನಿ ತಗ್ಗಿಸುತ್ತಾನೆ. "ನನ್ನ ಕೂಲಿ ನೆಚ್ಕೊಂಡು ಬರ್ಬೇಡ ಅಂತ ಮೊದ್ಲೇ ಬರೆದುಕೊಡೋ ಯಜಮಾನನ್ನ ಎಲ್ಲಾದ್ರೂ ಕಂಡಿದೀರಾ ಸಾರ್? ಟೊಮ್ಯಾಟೊ ಕೀಳೋಕೆ ಕರೆಯೋ ಗೌಡರೂ ಹಂಗೆ ಅನ್ನಲ್ಲ."

ಇವನದು ಸಿವಿಲ್ ಹುದ್ದೆಯೇ ಹೌದು ಎಂದು 1977ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಆ ಹುದ್ದೆ ಕಾಯಂ ಸಿವಿಲ್ ಸೇವೆಯ ಹೊರಗಿದೆ ಅಂತಲೂ ಅದೇ ತೀರ್ಪು ಹೇಳಿತು. ಅಂದರೆ ಪಂಕ್ತಿಯಲ್ಲಿ ಎಲೆ ಹಾಕಿದೆ, ಬಡಿಸುವವರು ಮಾತ್ರ ಪಕ್ಕದ ಸಾಲಿಗೆ ತಿರುಗುತ್ತಾರೆ. ವೇತನ ಆಯೋಗ ಬಂದಾಗ ಒಳಗಿರುವ ನಮಗೆಲ್ಲ ಅನ್ನ, ಸಾರು; ಅವನಿಗೆ ಬೇರೆ ಸಮಿತಿ. ಸಮಿತಿ ವರದಿ ಕೊಡುತ್ತದೆ, ವರದಿ ಮಲಗುತ್ತದೆ, ಅದನ್ನು ಎಬ್ಬಿಸಲು ಜೇಬಿನ ಕಾಗದ ಹೊರಬರುತ್ತದೆ.

ಮುಷ್ಕರಕ್ಕೆ 14 ದಿನ ಮುಂಚೆ ನೋಟೀಸು ಕೊಡಬೇಕು. ಆ ನೋಟೀಸನ್ನು ತಲುಪಿಸಬೇಕಾದವರೂ ನಾವೇ. ರಿಜಿಸ್ಟರ್ಡ್ ಅಂಚೆ ಇದ್ದ ಕಾಲಕ್ಕೆ ಅದಕ್ಕೆ ಚೀಟಿ ಅಂಟಿಸಿ, ಸ್ವೀಕೃತಿ ಕಾರ್ಡು ಸಿಕ್ಕಿಸಿ, ಮುದ್ರೆ ಒತ್ತಿ ಬ್ಯಾಗಿಗೆ ಹಾಕಿದವನು ನಾನು. "ಹುಷಾರು ಸಾರ್, ಲೇಟಾದ್ರೆ ಮುಷ್ಕರ ಮುಂದಕ್ಕೆ ಹೋಗುತ್ತೆ" ಎಂದು ಪಕ್ಕದಲ್ಲೇ ನಿಂತು ಕಾಯುತ್ತಿದ್ದ. ನಮ್ಮ ಇಲಾಖೆಯ ಚುರುಕಿನ ಬಗ್ಗೆ ಅವನಿಗೆ ಇದ್ದ ಅನುಮಾನ ಗಿರಾಕಿಗಳಿಗೂ ಇರಲಿಲ್ಲ. 2025ರಲ್ಲಿ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟಿನಲ್ಲಿ ಕರಗಿಹೋಯಿತು. ಇನ್ನು ಮುಷ್ಕರವೂ ಸ್ಪೀಡಾಗಿಯೇ ಹೋಗಬೇಕು.

ಯೂನಿಯನ್ನಿನ ವಿಷಯ ಕೇಳಲೇಬೇಡಿ. ಎನ್‌ಎಫ್‌ಪಿಇ, ಎಫ್‌ಎನ್‌ಪಿಒ, ಬಿಪಿಇಎಫ್ ಅಂತ ಮೂರು ಒಕ್ಕೂಟ, ಅವುಗಳ ಒಳಗೆ ಹೊರಗೆ ಇನ್ನಷ್ಟು ಸಂಘ. ಇವುಗಳ ಹೆಸರನ್ನು ಅವನು ಫೋನಿನಲ್ಲಿ ಕೂಗುವುದು ಕೇಳಿ ಹೆಂಡತಿ, "ಅದ್ಯಾವುದೋ ಹೊಸ ಗೊಬ್ಬರ ಅಂತೆ, ಎಕರೆಗೆ ಎಷ್ಟು ಮೂಟೆ?" ಎಂದು ಕೇಳಿದ್ದಳು. ಡಿಎಪಿ, ಎನ್‌ಪಿಕೆ ಕೇಳಿ ಬೆಳೆದವಳು, ಅವಳ ತಪ್ಪೇನೂ ಇಲ್ಲ. ಮಾಲೂರಿನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮೂರು ಸಂಘದ ಮೂವರು ಕಾಫಿಗೆ ಕೂತಾಗ ನಿಜವಾದ ತೊಡಕು ಎದುರಾಗುತ್ತಿತ್ತು. ಬೈಟು ಅಂದರೆ ಇಬ್ಬರಿಗೇ. ಮೂರನೆಯವನು ಯಾರ ಲೋಟದಿಂದ ಕುಡಿದರೂ ಪಕ್ಷಾಂತರ. ಒಂದು ಸಲ ಹಾಗೇ ಕುಡಿಯದೆ ಎದ್ದು ಹೋದದ್ದನ್ನು ಕಂಡಿದ್ದೇನೆ. ಬಿಲ್ಲು ಕೊಟ್ಟವನು ನಾನು, ಯಾವ ಒಕ್ಕೂಟಕ್ಕೂ ಸೇರದೆ.

ದಿಲ್ಲಿಯ ಮಾತುಕತೆಯನ್ನು ನಮ್ಮವರಿಗೆ ತಿಳಿಸಿ ಹೇಳುವುದರಲ್ಲಿ ಶ್ರೀನಿವಾಸಪುರದ ನೋಟೀಸಣ್ಣನನ್ನು ಮೀರಿಸುವವರಿಲ್ಲ. ಅವನ ಬೇರೆ ವರಮಾನ ಎರಡು ಎಕರೆ ಮಾವು. ವಾಟ್ಸಾಪಿನಲ್ಲಿ ‘ಮಾತುಕತೆ ಆಶಾದಾಯಕ’ ಎಂದು ಬಂದರೆ, "ಹೂ ಬಿಟ್ಟೈತೆ, ಕಾಯಿ ಕಚ್ಚಿಲ್ಲ" ಅನ್ನುತ್ತಾನೆ. ‘ಸಹಾನುಭೂತಿಯಿಂದ ಪರಿಶೀಲಿಸಲಾಗುವುದು’ ಎಂದರೆ ಮಂಜು ಬಿದ್ದಿದೆ. ‘ಸಮಿತಿ ರಚನೆ’ ಎಂದರೆ ಜಿಗಿಹುಳು ಹತ್ತಿದೆ, ಔಷಧಿ ಹೊಡೆಯಬೇಕು. ‘ಮುಷ್ಕರ ಮುಂದೂಡಲಾಗಿದೆ’ ಎಂಬುದು ಯಾವಾಗಲೂ ಹಿಂದಿನ ರಾತ್ರಿ ಹನ್ನೊಂದೂವರೆಗೆ ಬರುತ್ತದೆ. ಅಷ್ಟೊತ್ತಿಗೆ ಅವನು ಸೈಕಲ್ಲನ್ನು ಅಟ್ಟಕ್ಕೆ ಹಾಕಿರುತ್ತಾನೆ. ಇಳಿಸುವಾಗ ಬೈಯುವುದು ಸರ್ಕಾರವನ್ನೋ ಯೂನಿಯನ್ನನ್ನೋ ಎಂದು ಕತ್ತಲಲ್ಲಿ ತಿಳಿಯುವುದಿಲ್ಲ.

ಮುಳಬಾಗಿಲಿನವನ ಹೋಲಿಕೆ ಬೇರೆ. ಆವಣಿಯ ದನದ ಜಾತ್ರೆ ನೋಡಿದವರಿಗೆ ಗೊತ್ತು, ವ್ಯಾಪಾರ ಕುದುರಿಸುವುದು ಟವಲಿನ ಕೆಳಗೆ, ಬೆರಳು ಹಿಡಿದು. ಸುತ್ತ ನಿಂತವರಿಗೆ ಟವಲು ಅಲ್ಲಾಡುವುದು ಮಾತ್ರ ಕಾಣುತ್ತದೆ. "ದಿಲ್ಲೀಲೂ ಅಷ್ಟೇ. ಟವಲು ಅಲ್ಲಾಡ್ತೈತೆ. ಎಷ್ಟು ಬೆರಳು ಹಿಡಿದ್ರು ಅನ್ನೋದು ಎತ್ತಿಗೆ ಗೊತ್ತಾಗಲ್ಲ." ಹೋಟೆಲಿನಲ್ಲಿ ಕೂತಾಗ ಯಾರಾದರೂ ತಡೆಯದಿದ್ದರೆ ಅವನು ಚರಿತ್ರೆಗೆ ಹೋಗುತ್ತಾನೆ. 1946ರ ಜುಲೈ 11ರಂದು ಬೊಂಬಾಯಿಯ ಪೋಸ್ಟ್‌ಮನ್‌ಗಳು ಚೀಲ ಕೆಳಗಿಟ್ಟದ್ದನ್ನು ಚೀಲ ಬಿದ್ದ ಸದ್ದು ಕೇಳಿಸಿಕೊಂಡವನ ಹಾಗೆ ಹೇಳುತ್ತಾನೆ. 1960ರ ಜುಲೈ ಮುಷ್ಕರಕ್ಕೆ ಕಾಫಿಯ ಅರ್ಧ ಲೋಟ. 1968ರ ಸೆಪ್ಟೆಂಬರ್ 19ರ ಒಂದು ದಿನದ ಮುಷ್ಕರ, ಅದನ್ನು ತಡೆಯಲು ಹೊರಟ ಸುಗ್ರೀವಾಜ್ಞೆ, ಜೈಲು, ವಜಾ, ಇಷ್ಟಾಗುವ ಹೊತ್ತಿಗೆ ದೋಸೆಯ ಮೇಲಿನ ತುಪ್ಪ ಗಟ್ಟಿಯಾಗಿರುತ್ತದೆ. ಅವನು ಹುಟ್ಟಿದ್ದು 1972ರಲ್ಲಿ.

ಅದೇ ಹೋಟೆಲಿನಲ್ಲಿ ಟೊರಾಂಟೊದಿಂದ ರಜೆಗೆ ಬಂದ ಹುಡುಗನೊಬ್ಬ ಅವನಿಗೆ ಕೆನಡಾದ ಸುದ್ದಿ ಹೇಳಿದ. 2024ರ ನವೆಂಬರ್ 15ರಿಂದ ಅಲ್ಲಿನ ಸುಮಾರು 55,000 ಅಂಚೆ ನೌಕರರು ತಿಂಗಳ ಮೇಲೆ ಕೆಲಸ ನಿಲ್ಲಿಸಿದ್ದರಂತೆ, ಕ್ರಿಸ್‌ಮಸ್ ಪಾರ್ಸೆಲೆಲ್ಲ ರಾಶಿ ಬಿತ್ತಂತೆ, ಅಲ್ಲಿ ಯೂನಿಯನ್ನಿಗೂ ಅಂಚೆಗೂ ಕಾಂಟ್ರ್ಯಾಕ್ಟು ಇರುತ್ತದಂತೆ, ಅದರ ಅವಧಿ ಮುಗಿದರೆ ಎದುರುಬದುರು ಕೂರುತ್ತಾರಂತೆ. ನಮ್ಮವನು ಕಣ್ಣರಳಿಸಿ, "ಕಾಂಟ್ರ್ಯಾಕ್ಟಾ? ಹೂವಿಗೋ ಕಾಯಿಗೋ?" ಅಂದ. ಈ ಸೀಮೆಯಲ್ಲಿ ಕಾಂಟ್ರ್ಯಾಕ್ಟು ಅಂದರೆ ಮಾವಿನ ತೋಪಿನ ಗುತ್ತಿಗೆ.

ಇನ್ನು ನಾನು ಕಣ್ಣಾರೆ ಕಂಡದ್ದು.

2018ರ ಮೇ 22. ಕಮಲೇಶ್ ಚಂದ್ರ ಸಮಿತಿ 2016ರಲ್ಲೇ ಕೊಟ್ಟ ವರದಿ ಜಾರಿಯಾಗಲಿ ಎಂದು ದೇಶದ ಗ್ರಾಮೀಣ ಡಾಕ್ ಸೇವಕರು ಅನಿರ್ದಿಷ್ಟ ಮುಷ್ಕರಕ್ಕೆ ಇಳಿದರು. ಪೆನ್ಸಿಲಿನ ತಾರೀಕು ಅಪರೂಪಕ್ಕೆ ನಿಜವಾಯಿತು. ಆದರೆ ಎಂಥ ವಾರ! 12ಕ್ಕೆ ವಿಧಾನಸಭೆಯ ಮತದಾನ, 17ಕ್ಕೆ ಯಡಿಯೂರಪ್ಪ ಪ್ರಮಾಣವಚನ, 19ಕ್ಕೆ ರಾಜೀನಾಮೆ, 23ಕ್ಕೆ ಕುಮಾರಸ್ವಾಮಿ ಪ್ರಮಾಣವಚನ. ಇದ್ದಬದ್ದ ಕ್ಯಾಮೆರಾ ಎಲ್ಲ ಶಾಸಕರ ರೆಸಾರ್ಟಿನ ಗೇಟಿನಲ್ಲಿ. ನಮ್ಮ ಕಚೇರಿಯ ಮುಂದೆ ಶಾಮಿಯಾನ, ಮೂವತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು. ಟೀವಿಯವರು ಹಾಗಿರಲಿ, ಎದುರಿನ ಜೆರಾಕ್ಸ್ ಅಂಗಡಿಯವನೂ ತಿರುಗಿ ನೋಡಲಿಲ್ಲ. ಮೂರನೇ ದಿನ ನೋಟೀಸಣ್ಣ ಕೌಂಟರಿಗೆ ಬಂದು, "ನಾವೂ ರೆಸಾರ್ಟಿಗೆ ಹೋಗಿ ಮುಷ್ಕರ ಮಾಡ್ಬೇಕಿತ್ತು ಸಾರ್" ಎಂದ.

ಐದನೇ ದಿನಕ್ಕೆ ಶಾಮಿಯಾನದ ಕೆಳಗೆ ಕುರ್ಚಿ ಮಾತ್ರ ಉಳಿದವು. ಮೇ ಕೊನೆ ಅಂದರೆ ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ. ಮಂಡಿಯಲ್ಲಿ ಲಾರಿ ಸಾಲು, ರಸ್ತೆಯುದ್ದಕ್ಕೂ ಹಣ್ಣಿನ ಗಮಲು. ಮುಷ್ಕರವನ್ನು ಸುಗ್ಗಿ ನೋಡಿ ಇಟ್ಟರು ಎಂದು ಊರಲ್ಲಿ ಗುಸುಗುಸು. ಇದು ಅನ್ಯಾಯದ ಮಾತು. ಬೇರೆ ವರಮಾನ ಇರಬೇಕು ಎಂದವರು ಯಾರು? ನಿಯಮ ಪಾಲಿಸುತ್ತ ಮುಷ್ಕರ ಮಾಡಿದವರು ಇವರೊಬ್ಬರೇ. (2023ರ ಡಿಸೆಂಬರಿನಲ್ಲಿ ಮತ್ತೆ ಮುಷ್ಕರವಾದಾಗ ಅವರೆಕಾಯಿ ಕಾಲ. ನನಗೂ ಆಗ ಸ್ವಲ್ಪ ಅನುಮಾನ ಬಂತು, ಆದರೆ ಸೊಗಡಿನ ಕಾಯಿ ಎರಡು ಕೆಜಿ ತಂದುಕೊಟ್ಟದ್ದರಿಂದ ಹೇಳಲಿಲ್ಲ.)

ಆ ಭಾನುವಾರ ಮೊಮ್ಮಕ್ಕಳಿಗೆ ರಸಪುರಿ ತರಲೆಂದು ಅವನ ತೋಪಿಗೆ ಹೋದೆ. ದೋಟಿ ಹಿಡಿದು ಕೊಂಬೆಯತ್ತ ಕತ್ತೆತ್ತಿ ನಿಂತಿದ್ದ. ಅಂಗಿಯ ಮೇಲೆ ಕೆಂಪು ಬ್ಯಾಡ್ಜು ಹಾಗೇ ಇತ್ತು, ಅದಕ್ಕೆ ಮಾವಿನ ಸೊನೆ ಅಂಟಿ ‘ಬೇಡಿಕೆ’ ಎಂಬುದರ ‘ಬೇಡ’ ಅಷ್ಟೇ ಓದಲು ಬರುತ್ತಿತ್ತು. ಕೋಲೂರಿಕೊಂಡು ಒಬ್ಬ ಅಜ್ಜಿ ಬಂದಳು.

"ನನ್ನ ಪಿಂಚಣಿ ದುಡ್ಡು ಬಂದೈತೇನಪ್ಪ?"

"ಮುಷ್ಕರ ಅಜ್ಜಿ. ಆಫೀಸು ಮುಚ್ಚೈತೆ."

"ನಿಮ್ಮನೆ ಜಗಲಿ ತಾನೆ ಆಫೀಸು? ಅದ್ಯಾವಾಗ ಮುಚ್ತು? ಬೆಳಿಗ್ಗೆ ನಿನ್ನ ಹೆಂಡ್ತಿ ಅಲ್ಲೇ ಅಕ್ಕಿ ಆರಿಸ್ತಿದ್ಳಲ್ಲ."

"ಇದು ಸರ್ಕಾರದ ಮೇಲೆ ಹೋರಾಟ ಅಜ್ಜಿ."

"ಹೋರಾಡು, ಬೇಡ ಅಂದೋರ್ಯಾರು? ನಾನೇನು ಸರ್ಕಾರಾನಾ?"

ಮುಷ್ಕರ ಶುರುವಾದ ಮೇಲೆ ಅವನ ಬಾಯಿ ಮುಚ್ಚಿದ್ದು ಅದೊಂದೇ ಸಲ. ದೋಟಿಯನ್ನು ಮರಕ್ಕೆ ಒರಗಿಸಿದ. ಜೇಬಿಗೆ ಕೈ ಹಾಕಿದಾಗ ಮೊದಲು ಬಂದದ್ದು ನೋಟೀಸು. ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಅದರ ಹಿಂದಿನಿಂದ ನೂರರ ಎರಡು ನೋಟು ತೆಗೆದುಕೊಟ್ಟ. ಕೆಲಸವಿಲ್ಲದಿದ್ದರೆ ಕೂಲಿಯಿಲ್ಲ ಎಂಬ ಲೆಕ್ಕದಲ್ಲಿ ಆ ವಾರ ಅವನ ಹೆಸರಿಗೆ ಒಂದು ರೂಪಾಯಿಯೂ ಹುಟ್ಟಿರಲಿಲ್ಲ. "ಮನಿಯಾರ್ಡರ್ ಬಂದಾಗ ಹಿಡ್ಕೋತೀನಿ" ಎಂದ. ಅಜ್ಜಿ ನಾಲ್ಕು ಹಣ್ಣನ್ನೂ ಸೆರಗಿಗೆ ಹಾಕಿಕೊಂಡು ಹೋದಳು. ಅವನು ನನ್ನ ಕಡೆ ತಿರುಗಿ, "ಸಾರ್, ಇದನ್ನ ಡೆಲಿವರಿ ಅನ್ನಂಗಿಲ್ಲ. ಕೈಸಾಲ. ಶಾಮಿಯಾನದಲ್ಲಿ ಹೇಳ್ಬೇಡಿ" ಎಂದ.

ಜೂನ್ 6ಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 4 ಗಂಟೆಯ ಬ್ರಾಂಚ್ ಪೋಸ್ಟ್‌ಮಾಸ್ಟರಿಗೆ 12,000, 5 ಗಂಟೆಯವನಿಗೆ 14,500. ಸಹಾಯಕರಿಗೆ 10,000 ಮತ್ತು 12,000. ಹದಿನಾರು ದಿನದ ರಾಶಿಯನ್ನು ವಿಂಗಡಿಸುವಾಗ ನಮ್ಮೆಲ್ಲರ ಕೈ ಕಪ್ಪಾಯಿತು. ಅಜ್ಜಿಯ ಹಣವೂ ಬಂತು. ಎಣಿಸಿ ಪೂರ್ತಿ ಸೆರಗಿಗೆ ಕಟ್ಟಿಕೊಂಡಳಂತೆ. ಆ ಇನ್ನೂರು ಅಂದರೆ, "ಅದು ನನ್ನ ಕಾಯಿಸಿದ್ದಕ್ಕೆ ದಂಡ" ಅಂದಳಂತೆ. ದಿಲ್ಲಿಯಲ್ಲಿ ಗೆದ್ದು ಬಂದವನು ಜಗಲಿಯಲ್ಲಿ ಸೋತ.

ಆಮೇಲೆ 2024ರ ಮಾರ್ಚಿನಲ್ಲಿ ಇನ್ನೊಂದು ಬಂತು: 12 ವರ್ಷ ಸೇವೆಯಾದವರಿಗೆ ವರ್ಷಕ್ಕೆ 4,320 ರೂಪಾಯಿ, 24ಕ್ಕೆ 5,520, 36ಕ್ಕೆ 7,200. ಕೋಲಾರದವನು ಅದನ್ನು ಅಲ್ಲೇ ಟೊಮ್ಯಾಟೊಗೆ ಬದಲಾಯಿಸಿ ನೋಡಿದ. ಹಿಂದಿನ ಜುಲೈಯಲ್ಲಿ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2,000 ದಾಟಿತ್ತು. "ಅಂದ್ರೆ ಹನ್ನೆರಡು ವರ್ಷ ದುಡಿದ್ರೆ ವರ್ಷಕ್ಕೆರಡು ಬಾಕ್ಸು. ಪರವಾಗಿಲ್ಲ, ರೇಟು ಬಿದ್ರೆ ಲಾರಿ ತುಂಬ್ತೈತೆ." 2025ರ ಜೂನಿನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಯನ್ನು ಗಡಿಯಲ್ಲಿ ತಡೆದಾಗ ಶ್ರೀನಿವಾಸಪುರದವನ ಬೇರೆ ವರಮಾನವೂ ಮಕಾಡೆ ಬಿತ್ತು. ಜುಲೈ 9ರ ಸಾರ್ವತ್ರಿಕ ಮುಷ್ಕರಕ್ಕೆ ಯಾವ ತಲೆಬರಹದಲ್ಲಿ ಕೂರಲಿ ಎಂದು ನನ್ನನ್ನೇ ಕೇಳಿದ: ಅಂಚೆಯವನಾಗಿಯೋ, ಮಾವಿನವನಾಗಿಯೋ?

ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದ. ತರಕಾರಿಯವಳು "ಏಮ್ಪಾ, ಸ್ಟ್ರೈಕು ಎಪ್ಪುಡು?" ಎಂದು ತೆಲುಗಿನಲ್ಲಿ ಕೇಳಿದಳು. ಎಡಜೇಬು ತಟ್ಟಿಕೊಂಡು "ಉಂದಿ, ಉಂದಿ" ಎಂದ. ಕಾಗದ ಹೊಸದು, ಸೆಲ್ಲೋಟೇಪು ಇನ್ನೂ ಬಿದ್ದಿಲ್ಲ. ತಾರೀಕು ಪೆನ್ಸಿಲಿನಲ್ಲೇ ಇದೆ. ಹಾಗಿದ್ದರೂ ನಿಮ್ಮದು ಯಾವುದಾದರೂ ಅರ್ಜಿ, ರಾಖಿ, ಮಾವಿನ ಪಾರ್ಸೆಲು ಇದ್ದರೆ ಸಂಜೆ ಬ್ಯಾಗು ಕಟ್ಟುವುದರೊಳಗೆ ಹಾಕಿಬಿಡಿ. ಆ ಪೆನ್ಸಿಲ್ ಒಮ್ಮೊಮ್ಮೆ ನಿಜ ಹೇಳುತ್ತದೆ.