ದ್ವಾದಶಪುರುಷ ಮೀಮಾಂಸೆ

ಕಾಲೇಜುಗಳ ಕ್ರಿಕೆಟ್ ಚರಿತ್ರೆಯನ್ನು ಬರೆಯಹೊರಟ ಮಹನೀಯರೆಲ್ಲರೂ ಹನ್ನೊಂದು ಮಂದಿಯನ್ನು ಕುರಿತೇ ಬರೆದು ವಿರಮಿಸಿರುವರಾದುದರಿಂದ, ಹನ್ನೆರಡನೆಯವನ ಸ್ವರೂಪ, ಲಕ್ಷಣ, ಪ್ರಭೇದ, ಪ್ರಯೋಜನಗಳನ್ನು ಸಾಂಗವಾಗಿ ನಿರೂಪಿಸತಕ್ಕ ಗ್ರಂಥವೊಂದರ ಅಭಾವವು ಮೈಸೂರಿನಂತಹ ವಿದ್ಯಾನಗರಕ್ಕೆ ಶೋಭಿಸದೆಂದು ಬಗೆದು ಈ ಮೀಮಾಂಸೆಯನ್ನು ಆರಂಭಿಸಿದ್ದೇನೆ. 1833ರಲ್ಲಿ ರಾಜಾ ಫ್ರೀ ಸ್ಕೂಲಾಗಿ ಮೊಳೆತ ಮಹಾರಾಜ ಕಾಲೇಜು ಮೊದಲ್ಗೊಂಡು, 1928ರ ಯುವರಾಜ ಕಾಲೇಜು, 1946ರ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗ್, 1963ರ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜುಗಳವರೆಗೆ, ಈ ಊರಿನ ಆಟದ ಬಯಲುಗಳಲ್ಲಿ ಬೌಂಡರಿ ಗೆರೆಯ ಆಚೆ, ಮರದ ನೆರಳಿನಲ್ಲಿ, ಪರರ ಕಿಟ್ ಬ್ಯಾಗುಗಳ ನಡುವೆ ಕುಳಿತು ಯೌವನವನ್ನು ಸವೆಯಿಸಿದವರೆಲ್ಲರೂ ಈ ಅಧ್ಯಯನದ ವ್ಯಾಪ್ತಿಗೆ ಸೇರುವರು. ಲೇಖಕನ ಮೊಣಕಾಲು ಅಧ್ಯಯನದ ಮಿತಿ.

ಈ ಕಾರ್ಯಕ್ಕೆ ಪ್ರೇರಣೆಯಾದದ್ದು ಒಂದು ಸ್ಮರಣ ಸಂಚಿಕೆ. ಯಾವ ಕಾಲೇಜಿನದೆಂದು ಹೇಳುವುದು ಸೌಜನ್ಯವಲ್ಲ. ‘ನಮ್ಮ ಕಾಲೇಜಿನ ಸಾರ್ವಕಾಲಿಕ ಶ್ರೇಷ್ಠ ಹನ್ನೊಂದು ಆಟಗಾರರು’ ಎಂಬ ವಿಷಯವಾಗಿ ಲೇಖನವನ್ನು ಬೇಡಿದ ಸಂಪಾದಕ ಮಂಡಳಿಯವರು, ಲೇಖನವು ಸಾರಾಂಶ, ಬೀಜಪದ, ಸಂಶೋಧನೆಯ ಉದ್ದೇಶ, ಪ್ರಾಕ್ಕಲ್ಪನೆ, ತಾತ್ವಿಕ ಚೌಕಟ್ಟು, ಫಲಿತಗಳು ಎಂಬ ಷಡಂಗಗಳಿಂದ ಕೂಡಿರತಕ್ಕದ್ದೆಂದೂ, ಕ್ರೀಡೆಯನ್ನು ‘ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿಸಿ’ ಅದರ ‘ಅನನ್ಯತೆಯ ಸಂಕಥನವನ್ನು’ ಕಟ್ಟಿಕೊಡತಕ್ಕದ್ದೆಂದೂ ವಿಧಿಸಿದ್ದರು. ಕಟ್ಟಿಕೊಡಲು ಇದೇನು ಬುತ್ತಿಯೇ ಎಂದು ಕೇಳಬೇಕೆನಿಸಿತಾದರೂ, ಇಂತಹ ವಿಚಾರ ಸಂಕಿರಣಗಳ ಹಿಂದಿನ ಸಾಲುಗಳಲ್ಲಿ ಕುಳಿತು, ಆಯಾಮ ಆಯಾಮವೆಂಬ ಜಪವನ್ನು ಊಟದ ಗಂಟೆಯವರೆಗೂ ಕೇಳಿ ಕೇಳಿ ಹಣ್ಣಾದ ನಾನು, ಅವರು ಬೇಡಿದ ಚೌಕಟ್ಟನ್ನೇ ಅವರಿಗೆ ಮೊದಲು ಒಪ್ಪಿಸಿಬಿಡುತ್ತೇನೆ.

ತಾತ್ವಿಕ ಚೌಕಟ್ಟು. ದ್ವಾದಶಪುರುಷನು ತಂಡದಲ್ಲಿ ಇರುವನೋ ಇಲ್ಲವೋ ಎಂಬುದು ಮೂಲ ಪ್ರಶ್ನೆ. ಪಟ್ಟಿಯಲ್ಲಿ ಹೆಸರಿರುವುದರಿಂದ ಅಸತ್ತೆನ್ನಲಾಗದು, ಆಟದಲ್ಲಿ ಇಲ್ಲದಿರುವುದರಿಂದ ಸತ್ತೆನ್ನಲಾಗದು. ಆದಕಾರಣ ಅದ್ವೈತಿಗಳ ಪಕ್ಷದಲ್ಲಿ ಇವನು ಸದಸದ್ವಿಲಕ್ಷಣನಾದ ಅನಿರ್ವಚನೀಯ. ವಿಶಿಷ್ಟಾದ್ವೈತಿಗಳ ಶೇಷಶೇಷಿಭಾವವನ್ನು ಅನುಸರಿಸಿದರೆ ತಂಡವೇ ಶೇಷಿ, ಇವನು ಶೇಷ, ಕೈಂಕರ್ಯವೇ ಇವನ ಪುರುಷಾರ್ಥ. ದ್ವೈತಿಗಳ ತಾರತಮ್ಯವಾದದಲ್ಲಿ ಇವನ ಸ್ಥಾನವನ್ನು ಕೇಳಲೇಬೇಕಾಗಿಲ್ಲ. ಮಧ್ಯಾಹ್ನದ ಊಟದ ಸಾಲಿನಲ್ಲಿ ಅದು ತಾನಾಗಿಯೇ ಪ್ರತ್ಯಕ್ಷವಾಗುತ್ತದೆ. ಸ್ಮೃತಿಪ್ರಮಾಣವನ್ನು ಅಪೇಕ್ಷಿಸುವವರಿಗೆ ಮೇರಿಲೆಬೋನ್ ಕ್ರಿಕೆಟ್ ಕ್ಲಬ್ಬಿನ ಸಂಹಿತೆಯ 24ನೆಯ ನಿಯಮವುಂಟು: ಬದಲಿ ಆಟಗಾರನು ಬೌಲು ಮಾಡಕೂಡದು, ನಾಯಕತ್ವವನ್ನು ವಹಿಸಕೂಡದು. 2017ರ ಸಂಹಿತೆಯಿಂದೀಚೆಗೆ, ಅಂಪೈರುಗಳು ಸಮ್ಮತಿಸಿದರೆ, ವಿಕೆಟ್ಟಿನ ಹಿಂದೆ ನಿಲ್ಲಬಹುದು. ಹೀಗೆ ಶಾಸ್ತ್ರವು ಇವನಿಗೆ ಬೇಡವೆಂದದ್ದೇ ಹೆಚ್ಚು. ಓಡು, ಹಿಡಿ, ಎಸೆ ಎಂಬ ಮೂರು ಕ್ರಿಯಾಪದಗಳಲ್ಲಿ ಇವನ ಧರ್ಮವೆಲ್ಲ ಮುಗಿಯಿತು.

ಇನ್ನು ಪ್ರಭೇದಗಳು. ಇವು ಹದಿನಾಲ್ಕು.

ಮೊದಲನೆಯವನು ಜಲವಾಹಕ. ಇವನನ್ನು ವಾಹ್ಯದ್ರವ್ಯವನ್ನನುಸರಿಸಿ ಶುದ್ಧೋದಕವಾಹಿ, ನಿಂಬೆಶರಬತ್ತುವಾಹಿ, ಮಜ್ಜಿಗೆವಾಹಿ ಎಂದು ಮೂರಾಗಿ ವಿಂಗಡಿಸುವುದು ವಾಡಿಕೆ. ಕೈಗವಸು ಬದಲಿಸುವ ನೆಪದಲ್ಲಿ ಬಂದು, ‘ಡ್ರಾ ಸಾಕಂತೆ, ಕ್ಯಾಪ್ಟನ್ ಹೇಳಿದ್ರು’ ಎಂದು ಬ್ಯಾಟುಗಾರನ ಕಿವಿಯಲ್ಲಿ ಉಸಿರಿ ಹೋಗುವವನು ಸಂದೇಶಗರ್ಭನೆಂಬ ನಾಲ್ಕನೆಯ ಉಪಭೇದಕ್ಕೆ ಸೇರುವನು. ಇವನು ಹೇಳಿದುದನ್ನು ಬ್ಯಾಟುಗಾರನು ಕೇಳಿದ ದೃಷ್ಟಾಂತ ನನಗೆ ದೊರೆತಿಲ್ಲ.

ಎರಡನೆಯವನು ಕಟಪ್ರಸಾರಕ, ಎಂದರೆ ಮ್ಯಾಟು ಹಾಸುವವನು. ಇವನ ವಿಷಯದಲ್ಲಿ ಪರಿಹಾಸ್ಯವನ್ನು ಸ್ವಲ್ಪ ಬದಿಗಿಡುತ್ತೇನೆ. ಹಿಂದಿನ ಮೈಸೂರು ಸೀಮೆಯ ಕಾಲೇಜು ಪಂದ್ಯಗಳು ಬಹುಕಾಲ ನಾರಿನ ಮ್ಯಾಟಿನ ಮೇಲೆಯೇ ನಡೆದುವು. ಆ ಮ್ಯಾಟು ಹೆಣಭಾರ. ಮಂಜಿನಲ್ಲಿ ನೆನೆದಿದ್ದರೆ ಅದಕ್ಕಿಂತಲೂ ಭಾರ. ಅದನ್ನು ಬೆಳಗಿನ ಹೊತ್ತು ಉಗ್ರಾಣದಿಂದ ಹೆಗಲ ಮೇಲೆ ಹೊತ್ತು ತಂದು, ಉರುಳಿಸಿ, ಗುಡಿಸಿ, ನಾಲ್ಕು ಮೂಲೆಗಳನ್ನೂ ಜಗ್ಗಿ ಹಿಡಿದು ಮೊಳೆ ಹೊಡೆಯಬೇಕು. ಒಂದು ಕಡೆ ಸಡಿಲವಾದರೆ ಚೆಂಡು ಸುಕ್ಕಿಗೆ ಬಡಿದು ಬ್ಯಾಟುಗಾರನ ಗದ್ದಕ್ಕೆ ಬರುತ್ತದೆ, ಬಿಗಿಯಾಗಿದ್ದರೆ ಚೆಂಡಿನ ನಡೆಯೇ ಬೇರೆಯಾಗುತ್ತದೆ. ಹೀಗಿರುವಲ್ಲಿ ಪಂದ್ಯದ ಅರ್ಧ ಹಣೆಬರಹವನ್ನು ಟಾಸಿಗೆ ಮುಂಚೆಯೇ ಸುತ್ತಿಗೆಯಿಂದ ಬರೆದವನು ಈತನೇ ಅಲ್ಲವೇ? ಹೆಬ್ಬೆರಳಿಗೆ ಏಟು ತಿಂದು, ಅದನ್ನು ಬಾಯಲ್ಲಿಟ್ಟುಕೊಂಡು ನಿಂತ ಆ ಹುಡುಗನನ್ನು ನೋಡಿ ‘ಇನ್ನೊಂದು ಮೊಳೆ ಹೊಡೀಲೋ’ ಎಂದು ಕೂಗಿದವರು ಈಗ ಸಂಚಿಕೆಯಲ್ಲಿ ಸಂದೇಶ ಬರೆಯುತ್ತಿದ್ದಾರೆ.

ಮೂರನೆಯವನು ಗಣಕ, ಎಂದರೆ ಸ್ಕೋರು ಬರೆಯುವವನು. ಇವನ ಕೈಬರಹವೇ ಚರಿತ್ರೆ, ಇವನ ತೂಕಡಿಕೆಯೇ ಚರಿತ್ರೆಯಲ್ಲಿನ ಅಂಧಯುಗ. ನಾಲ್ಕನೆಯವನು ಬಲಿಪಶು: ಹನ್ನೊಂದರಲ್ಲಿ ಒಬ್ಬನು ಕಾಲು ಹಿಡಿದುಕೊಂಡು ಹೊರಬಂದೊಡನೆ ಒಳಕ್ಕೆ ಅಟ್ಟಲ್ಪಟ್ಟು, ಇನ್ನಾರೂ ನಿಲ್ಲಲೊಲ್ಲದ ಶಾರ್ಟ್ ಲೆಗ್ಗಿನಲ್ಲಿ ನಿಲ್ಲಿಸಲ್ಪಟ್ಟವನು. 27 ಟೆಸ್ಟುಗಳಲ್ಲಿ 53 ಕ್ಯಾಚು ಹಿಡಿದ ಏಕನಾಥ ಸೋಲ್ಕರರು ಅಲ್ಲಿ ನಿಂತದ್ದು ವಿದ್ಯೆಯಿಂದ, ನಮ್ಮವನು ನಿಲ್ಲುವುದು ದಾಕ್ಷಿಣ್ಯದಿಂದ. ಐದನೆಯದರಿಂದ ಹದಿನಾಲ್ಕನೆಯವರೆಗಿನ ಪ್ರಭೇದಗಳನ್ನು ವಿವರಿಸಲು ನನಗೇ ಬೇಸರ ಬಂದಿದೆ. ಷಡಂಗಗಳು ಬೇಕಾದವರು ತುಂಬಿಕೊಳ್ಳಲಿ.

ಈಗ ಆಕರ ಸಾಮಗ್ರಿಯ ವಿಚಾರ. ಇದೇ ಊರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಗರಿಗಳ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚುಹಾಕಿಸಿ, ಜಗತ್ತನ್ನೇ ಬೆರಗುಗೊಳಿಸಿದರಷ್ಟೆ. ಅವರ ಪದಧೂಳಿಯನ್ನು ಶಿರಸಾ ವಹಿಸಿ ಹಳೆಯ ಸ್ಕೋರು ಪುಸ್ತಕಗಳನ್ನು ಶೋಧಿಸಹೊರಟ ನಾನು ಕಂಡುಹಿಡಿದ ಸಂಗತಿಯು ಅದಕ್ಕಿಂತ ಬಹಳ ಕಡಿಮೆಯದೇನಲ್ಲ. ‘ಸಬ್’ ಎಂಬ ಆಟಗಾರನೊಬ್ಬನು ಈ ನಗರದ ಎಲ್ಲ ಕಾಲೇಜುಗಳ ಪರವಾಗಿ, ತಲೆಮಾರುಗಳ ಪರ್ಯಂತ, ಒಂದೇ ಪಂದ್ಯದ ಎರಡೂ ಪಕ್ಷಗಳಲ್ಲಿ ಸಹ, ಅವಿಚ್ಛಿನ್ನವಾಗಿ ಕ್ಯಾಚು ಹಿಡಿಯುತ್ತ ಬಂದಿದ್ದಾನೆ. ಇವನು ರನ್ನು ಹೊಡೆದವನಲ್ಲ, ವಿಕೆಟ್ಟು ಪಡೆದವನಲ್ಲ, ಪದವಿ ಪಡೆದಂತೆಯೂ ಕಾಣುವುದಿಲ್ಲ. 1930ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಆಸ್ಟ್ರೇಲಿಯದ ಮೆಕ್‌ಕೇಬನ ಕ್ಯಾಚನ್ನು ಹಿಡಿದು ಇಂಗ್ಲೆಂಡಿನ ಗೆಲುವಿಗೆ ನೆರವಾದವನೂ ಇವನೇ. ಅಶ್ವತ್ಥಾಮ ಬಲಿ ವ್ಯಾಸಾದಿಗಳ ಸಾಲಿನಲ್ಲಿ ಇವನನ್ನು ಎಂಟನೆಯ ಚಿರಂಜೀವಿಯನ್ನಾಗಿ ಗಣಿಸಬೇಕೆಂಬುದು ನನ್ನ ಸಿದ್ಧಾಂತ. ಮಹಾರಾಜ ಕಾಲೇಜಿನ ಪದವೀಧರರಾದ ಆರ್.ಕೆ. ನಾರಾಯಣರ ಮಾಲ್ಗುಡಿಯಲ್ಲಿ, ಆಡಬೇಕಾಗಿದ್ದ ಸ್ವಾಮಿಯು ಮನೆಬಿಟ್ಟು ಓಡಿಹೋದಾಗ ಅವನಿಗಾಗಿ ಮೀಸಲಾಗಿದ್ದ ಜಾಗದಲ್ಲಿ ನಿಂತವನಾರು ಎಂಬುದೂ ಈ ದೃಷ್ಟಿಯಿಂದ ಸಂಶೋಧನಾರ್ಹ.

ನಾಟಿಂಗ್‌ಹ್ಯಾಮಿನಲ್ಲಿ ಆ ಕ್ಯಾಚು ಹಿಡಿದವನು ಸಿಡ್ ಕಾಪ್ಲಿ, ಮೈದಾನದ ಸಿಬ್ಬಂದಿಯಲ್ಲಿದ್ದ ತರುಣ. ಅವನ ಹೆಸರು ಹೇಗೋ ಉಳಿದುಕೊಂಡಿತು. 1983ರ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ ವೆಸ್ಟ್ ಇಂಡೀಸಿನ ವಿರುದ್ಧ ಕಪಿಲ್ ದೇವ್ 83 ರನ್ನುಗಳಿಗೆ 9 ವಿಕೆಟ್ ಉರುಳಿಸಿದುದನ್ನು ನಮ್ಮ ಬೀದಿಯ ಇಸ್ತ್ರಿಯವನೂ ಹೇಳಬಲ್ಲ. ಅದೇ ಪಂದ್ಯದಲ್ಲಿ ನಮ್ಮ ಕರ್ನಾಟಕದ ರೋಜರ್ ಬಿನ್ನಿಯ ಬದಲಿಗೆ ಮೈದಾನಕ್ಕಿಳಿದ ಗುರುಶರಣ್ ಸಿಂಗ್ ನಾಲ್ಕು ಕ್ಯಾಚುಗಳನ್ನು ಹಿಡಿದು, ಟೆಸ್ಟೊಂದರಲ್ಲಿ ಹಾಗೆ ಹಿಡಿದ ಮೊದಲ ಬದಲಿ ಆಟಗಾರನಾದುದನ್ನು ಎಷ್ಟು ಮಂದಿ ಹೇಳಿಯಾರು? ಆತನಿಗೆ ಆಮೇಲೆ ಆಡಲು ದೊರೆತದ್ದು ಒಂದೇ ಒಂದು ಟೆಸ್ಟು. ಕ್ಯಾಚಿನ ಪಾಡು ಹೀಗಾದರೆ, ರನೌಟಿನದು ಇನ್ನೂ ದಾರುಣ. 1974ರಲ್ಲಿ ಬೆಂಗಳೂರಿನ ರಣಜಿ ಸೆಮಿಫೈನಲಿನಲ್ಲಿ, ಹದಿನೈದು ವರ್ಷ ಒಂದೇ ಸಮನೆ ಟ್ರೋಫಿಯನ್ನು ಕೈಬಿಡದಿದ್ದ ಮುಂಬಯಿಯನ್ನು ಕರ್ನಾಟಕವು ಹಿಂದಿಕ್ಕಿದಾಗ, ಪ್ರಸನ್ನರು ಗಾವಸ್ಕರರನ್ನು ಬೌಲ್ಡ್ ಮಾಡಿದುದು ಪುರಾಣವಾಯಿತು, ವಿಶ್ವನಾಥರ 162 ಪುರಾಣವಾಯಿತು. ಅಜಿತ್ ವಾಡೇಕರರು ಕಾಲು ಜಾರಿ ರನೌಟಾದರು. ಆ ಜಾರಿದ ಕಾಲೂ ಪುರಾಣವಾಯಿತು. ಎಸೆದ ಕೈ ಆಗಲಿಲ್ಲ. ರನೌಟಾದವನ ಮುಂದೆ ‘ರನೌಟ್’ ಎಂದಷ್ಟೇ ಬರೆಯುವ ಪದ್ಧತಿಯನ್ನು ಕಂಡುಹಿಡಿದವನು ಜನ್ಮದಲ್ಲಿ ಚೆಂಡನ್ನು ಬೆನ್ನಟ್ಟಿದವನಾಗಿರಲಾರ.

ಕ್ಷೇತ್ರರಕ್ಷಣೆಯು ಗೌಣವೆಂಬ ಪೂರ್ವಪಕ್ಷವನ್ನು ಖಂಡಿಸಲು ಮೈಸೂರಿನವನು ದೂರ ಹೋಗಬೇಕಾಗಿಲ್ಲ. 2010ರ ಜನವರಿಯಲ್ಲಿ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ರಣಜಿ ಫೈನಲ್ ನಡೆಯಿತು. ಮುಂಬಯಿಯ ಎದುರು ಗೆಲ್ಲಲು 338 ಬೇಕಾಗಿದ್ದ ಕರ್ನಾಟಕವು, ಮನೀಶ್ ಪಾಂಡೆಯ 144ರ ಬಲದಿಂದ ಹತ್ತಿರ ಹತ್ತಿರ ಹೋಗಿ, 6 ರನ್ನುಗಳಿಂದ ಸೋತಿತು. ಆರು! ಒಂದು ಬೌಂಡರಿ, ಒಂದು ಎರಡು. ಐದು ದಿನಗಳಿಗೆ ನಿಗದಿಯಾದ ಆಟದಲ್ಲಿ ಎಲ್ಲೋ ಒಂದು ಕಡೆ ಮುಂಬಯಿಯ ಹುಡುಗರು ಮಣ್ಣಿಗೆ ಬಿದ್ದು ತಡೆದ, ನಮ್ಮವರು ಕಾಲಸಂದಿಯಲ್ಲಿ ಬಿಟ್ಟ ಆರು ರನ್ನುಗಳು. ಅಂದಿನಿಂದ ನನಗೆ ಸರಾಸರಿಗಳ ಕೋಷ್ಟಕಗಳಲ್ಲಿ ನಂಬಿಕೆ ಹೋಗಿದೆ.

ಸಂಪಾದಕರು ಪ್ರಸಿದ್ಧ ನಾಮಗಳಿಲ್ಲದ ಲೇಖನವನ್ನು ಅಚ್ಚುಹಾಕಲಾರರೆಂಬುದನ್ನು ಬಲ್ಲೆನಾದ್ದರಿಂದ, ಎರಡು ಹೆಸರುಗಳನ್ನು ಒಪ್ಪಿಸುತ್ತೇನೆ. ಇಬ್ಬರೂ ಈ ಊರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಎರ್ರಪಲ್ಲಿ ಪ್ರಸನ್ನರು 1962ರಲ್ಲಿ ಟೆಸ್ಟಿಗೆ ಕಾಲಿಟ್ಟು, ವೆಸ್ಟ್ ಇಂಡೀಸಿಗೂ ಹೋಗಿಬಂದು, ಓದನ್ನು ಮುಗಿಸಲು ಹಿಂದಿರುಗಿ, 1967ರವರೆಗೆ ಟೆಸ್ಟ್ ಕ್ರಿಕೆಟ್ಟಿನ ಬೌಂಡರಿಯ ಆಚೆಯೇ ಉಳಿದರು; ಮೊದಲು ಆಡಿದವೂ ಸೇರಿ ಒಟ್ಟು 49 ಟೆಸ್ಟುಗಳಲ್ಲಿ 189 ವಿಕೆಟ್ ಪಡೆದರು. ಜಾವಗಲ್ ಶ್ರೀನಾಥರು 1991ರಲ್ಲಿ ಬ್ರಿಸ್ಬೇನಿನಲ್ಲಿ ಮೊದಲ ಟೆಸ್ಟನ್ನಾಡಿದವರು, ತಾಯ್ನಾಡಿನಲ್ಲಿ ಒಂದು ಟೆಸ್ಟನ್ನಾಡಲು 1994ರ ನವೆಂಬರಿನವರೆಗೆ ಕಾದರು. ನಡುವೆ ಇಲ್ಲಿ ನಡೆದ ಏಳು ಟೆಸ್ಟುಗಳಲ್ಲಿ ಸ್ಪಿನ್ನರುಗಳದೇ ರಾಜ್ಯ. ಭಾರತದ ಪರವಾಗಿ ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಪಡೆದ ಆ ನೀಳದೇಹದ ಮನುಷ್ಯನ ಹಿರಿಮೆಯನ್ನು ಸಂಚಿಕೆಗಳು ಹಾಡಿಯೇ ಇವೆ. ಆ ಏಳು ಟೆಸ್ಟುಗಳ ಕಾಯುವಿಕೆಯನ್ನು ಹಾಡಿದವರನ್ನು ಕಾಣೆ. ಇವರಿಗೆ ಕೊನೆಗೆ ಬಾಗಿಲು ತೆರೆಯಿತು. ನನ್ನ ವಿಷಯ ತೆರೆಯದ ಬಾಗಿಲಿನದು.

ಅಂಚಿನಲ್ಲಿ ನಿಂತವರಿಗೂ ಮನ್ನಣೆ ಕೊಡುವ ಕಡೆಗಳುಂಟು. ಅಮೆರಿಕದ ಕಾಲೇಜುಗಳ ಫುಟ್‌ಬಾಲ್ ಬೇರೆಯೇ ಒಂದು ಮಲ್ಲಯುದ್ಧ. ಅಲ್ಲಿ ಚೆಂಡನ್ನು ಒದೆಯುವುದಕ್ಕೆಂದೇ ನಾಲ್ಕಾರು ಕ್ಷಣ ಮೈದಾನಕ್ಕೆ ಬಂದು ಹೋಗುವ ಹುಡುಗರಿರುತ್ತಾರೆ. ಹಾಗೆ ಕೈಯಿಂದ ಬಿಟ್ಟ ಚೆಂಡನ್ನು ದೂರ ಒದ್ದು ಎದುರಾಳಿಯನ್ನು ಹಿಂದಕ್ಕೆ ತಳ್ಳುವವರಲ್ಲಿ ವರ್ಷದ ಶ್ರೇಷ್ಠನಿಗೆ 2000ದಿಂದ ರೇ ಗೈ ಪ್ರಶಸ್ತಿಯನ್ನು ಕೊಡುತ್ತಿದ್ದಾರೆ. ಆ ರೇ ಗೈ ಸ್ವತಃ, ಆ ಒಂದೇ ಕೆಲಸಕ್ಕಾಗಿ, 2014ರಲ್ಲಿ ಅವರ ವೃತ್ತಿಪರ ಆಟದ ಕೀರ್ತಿಮಂದಿರವನ್ನು ಸೇರಿದನು. ನಾವು ಏನನ್ನು ಕೊಡುತ್ತೇವೆ? ಹೇಳುತ್ತೇನೆ, ಇಲ್ಲಿ ಚೌಕಟ್ಟೂ ಬೇಡ ಸಂಸ್ಕೃತವೂ ಬೇಡ. ಆಡಿದ ಹನ್ನೊಂದು ಮಂದಿಗೆ ಹಾಜರಾತಿ ಕೊಟ್ಟು, ದಿನವಿಡೀ ಬಿಸಿಲಲ್ಲಿ ನಿಂತ ಹನ್ನೆರಡನೆಯವನಿಗೆ ‘ನೀನು ಆಡಲಿಲ್ಲವಲ್ಲಪ್ಪ’ ಎಂದು ಹಾಜರಾತಿ ಕಡಿತ ಮಾಡಿ, ಪರೀಕ್ಷೆಗೆ ಕೂರಲು ದಂಡ ಕಟ್ಟಿಸಿದ ಕಾಲೇಜುಂಟು. ಗುಂಪುಚಿತ್ರದಲ್ಲಿ ಕುರ್ಚಿ ಸಾಲದೆಂದು ಅವನನ್ನು ಪಕ್ಕಕ್ಕೆ ನಿಲ್ಲಿಸಿ, ಕೊನೆಗೆ ಚಿತ್ರದ ಅಂಚನ್ನೇ ಕತ್ತರಿಸಿ ಕಟ್ಟುಹಾಕಿಸಿದ ಕಾಲೇಜುಂಟು. ಭಾಷಣದ ಪೆಂಡಾಲು ಹಾಕಿ, ಗೂಟ ಕಿತ್ತ ಕುಳಿಗಳನ್ನು ಮುಚ್ಚದೆ, ಮರುವಾರ ಅದೇ ಬಯಲಿನಲ್ಲಿ ಹುಡುಗರನ್ನು ಡೈವ್ ಹೊಡೆಯಲು ಬಿಟ್ಟು, ಪಾದ ಹೊರಳಿದವನಿಗೆ ಆಟೋ ಬಾಡಿಗೆಯನ್ನೂ ಕೊಡದವರುಂಟು. ಇವರೇ ಶತಮಾನೋತ್ಸವದಂದು ಪೇಟ ತೊಟ್ಟು ವೇದಿಕೆಯಲ್ಲಿ ಕುಳಿತು ಕ್ರೀಡಾಮನೋಭಾವದ ಬಹುಆಯಾಮಗಳನ್ನು ಬೋಧಿಸುತ್ತಾರೆ, ನಾಚಿಕೆಯಿಲ್ಲದೆ.

ನಮ್ಮ ಹಿರಿಯರು ಹೀಗಿರಲಿಲ್ಲ. ಮಂಡ್ಯ ಸೀಮೆಯ ಆತಕೂರಿನ ಕಲ್ಲನ್ನು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗನು ಬೇಕಾದ್ದನ್ನು ಕೇಳೆಂದಾಗ, ಅವನು ಊರು ಉಂಬಳಿಗಳನ್ನು ಕೇಳದೆ ಕಾಳಿಯೆಂಬ ನಾಯಿಯನ್ನು ಕೇಳಿದನು. ಆ ನಾಯಿ ಒಂದು ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಕ್ರಿ.ಶ. 950ರ ಸುಮಾರಿನಲ್ಲಿ ಅದಕ್ಕೆ ಕಲ್ಲು ನಿಲ್ಲಿಸಿದರು, ಚಿತ್ರ ಕೊರೆಯಿಸಿದರು, ಹೆಸರು ಬರೆಯಿಸಿದರು. ಸಾವಿರ ವರ್ಷಗಳಾದ ಮೇಲೂ ಆ ನಾಯಿಯ ಹೆಸರನ್ನು ನಾನು ಓದಬಲ್ಲೆ. ಕಳೆದ ತಿಂಗಳು ಒಂದು ಅಂತರಕಾಲೇಜು ಪಂದ್ಯದಲ್ಲಿ, ಲಾಂಗ್ ಆನಿನಿಂದ ಹಿಂದಕ್ಕೆ ಓಡಿ ಓಡಿ, ತಲೆಯ ಮೇಲಿಂದ ಬಂದ ಚೆಂಡನ್ನು ಹಿಡಿದ ಹುಡುಗನೊಬ್ಬನ ಹೆಸರೇನೆಂದು ಸ್ಕೋರರನ್ನು ಕೇಳಿದೆ.

‘ಅವ್ನು ಸಬ್ಬು ಸಾರ್.’

‘ಅದು ಗೊತ್ತಪ್ಪ, ಹೆಸರು?’

‘ಬಿ.ಕಾಂ. ಹುಡುಗ ಸಾರ್. ಹೆಸರು ಬೇಕಾಗಲ್ಲ.’

ಪುಸ್ತಕದಲ್ಲಿ ಆ ಅಂಕಣವು ಸಾಕಷ್ಟು ಅಗಲವಾಗಿಯೇ ಇತ್ತು.

ಆದಕಾರಣ, ಸಂಪಾದಕ ಮಂಡಳಿಯವರಿಗೆ ನಾನು ಹನ್ನೊಂದು ಹೆಸರುಗಳ ಪಟ್ಟಿಯನ್ನು ಕಳುಹಿಸುತ್ತಿಲ್ಲ. ತಮ್ಮ ಕ್ರೀಡಾಕೊಠಡಿಯ ಬೀರುವಿನಲ್ಲಿ ಹಳೆಯ ಸ್ಕೋರು ಪುಸ್ತಕಗಳು ಇನ್ನೂ ಉಳಿದಿರುವುದಾದರೆ ಅವನ್ನು ಹೊರತೆಗೆದು, ಆಯಾ ವರ್ಷದ ವಿದ್ಯಾರ್ಥಿಗಳಲ್ಲಿ ಈ ಊರಿನಲ್ಲಿಯೇ ನೆಲಸಿರುವವರನ್ನು ಕರೆಯಿಸಿ, ಒಂದು ಕಾಫಿಯನ್ನೂ ಕೊಟ್ಟು, ‘ಸಬ್’ ಎಂದಿರುವ ಕಡೆಯಲ್ಲೆಲ್ಲ ಯಾರೆಂದು ಕೇಳಿ ಮಸಿಯಲ್ಲಿ ಬರೆಯಿಸತಕ್ಕದ್ದು, ರನೌಟುಗಳಿಗೂ ಹಾಗೆಯೇ. ಬೀರುವಿನ ಕೀಲಿಕೈ ಹಿಂದಿನ ಅಟೆಂಡರರ ಬಳಿ ಇರುತ್ತಿತ್ತು. ಅವರು ನಿವೃತ್ತರಾದ ಮೇಲೆ ಅದು ಯಾರ ವಶದಲ್ಲಿದೆಯೆಂಬುದನ್ನು ಕಚೇರಿಯಲ್ಲಿ ವಿಚಾರಿಸುವುದು.